ಸಂಬಳ ಎಷ್ಟೆಂದು ಮನೆಗೆ ಗೊತ್ತು

2024ರ ಡಿಸೆಂಬರ್‌ನಲ್ಲಿ ಮಹಾರಾಷ್ಟ್ರದ ಛತ್ರಪತಿ ಸಂಭಾಜಿನಗರದಿಂದ, ಅಂದರೆ ಹಳೆಯ ಔರಂಗಾಬಾದ್‌ನಿಂದ, ಒಂದು ಸುದ್ದಿ ಬಂತು. ಸರಕಾರಿ ಕ್ರೀಡಾ ಸಂಕೀರ್ಣದಲ್ಲಿ ಗುತ್ತಿಗೆ ಮೇಲೆ ಕಂಪ್ಯೂಟರ್ ಕೆಲಸಕ್ಕಿದ್ದ ಯುವಕನೊಬ್ಬನ ತಿಂಗಳ ಸಂಬಳ 13 ಸಾವಿರ ರೂಪಾಯಿ. ಸಂಸ್ಥೆಯ ಖಾತೆಯಿಂದ ಅವನು 21 ಕೋಟಿ ರೂಪಾಯಿಗೂ ಹೆಚ್ಚು ಹೊಡೆದ ಎಂಬುದು ಪೊಲೀಸರ ಆರೋಪ. ಲೆಟರ್‌ಹೆಡ್ ಬಳಸಿ ಬ್ಯಾಂಕಿಗೆ ಪತ್ರ ಬರೆದು, ಖಾತೆಗೆ ಜೋಡಿಸಿದ್ದ ಇಮೇಲ್ ವಿಳಾಸವನ್ನೇ ಬದಲಿಸಿ, ನೆಟ್ ಬ್ಯಾಂಕಿಂಗನ್ನು ತನ್ನ ಕೈಗೆ ತೆಗೆದುಕೊಂಡನಂತೆ. ಆಮೇಲೆ ಬಿಎಂಡಬ್ಲ್ಯು ಕಾರು ಬಂತು, ಗೆಳತಿಗೆ ನಾಲ್ಕು ಬೆಡ್‌ರೂಮಿನ ಫ್ಲ್ಯಾಟ್ ಬಂತು.

ಅವನು ತಪ್ಪಿತಸ್ಥ ಹೌದೋ ಅಲ್ಲವೋ ಎಂದು ಹೇಳಬೇಕಾದದ್ದು ನ್ಯಾಯಾಲಯ. ನಮ್ಮ ಪ್ರಶ್ನೆ ಬೇರೆ. 13 ಸಾವಿರ ಸಂಬಳದವನು ಬಿಎಂಡಬ್ಲ್ಯು ಕಾರಿನಲ್ಲಿ ಬಂದಿಳಿದಾಗ ಸುತ್ತಮುತ್ತಲಿನವರು ಏನೆಂದುಕೊಂಡರು? ‘ಇದು ಎಲ್ಲಿಂದ’ ಎಂದು ಒಬ್ಬರಾದರೂ ಕೇಳಿದ್ದರೇ?

ಈ ಪುಟದಲ್ಲಿ ಈ ಮಾತು ಎತ್ತಲು ಕಾರಣವಿದೆ. ಬ್ಯಾರಿ ಎಂಬ ಹೆಸರೇ ತುಳುವಿನ ‘ಬ್ಯಾರ’ದಿಂದ, ಅಂದರೆ ವ್ಯಾಪಾರದಿಂದ ಬಂತೆನ್ನುವವರಿದ್ದಾರೆ. ಮಂಗಳೂರು ಬಂದರಿನ ಮಂಡಿಗಳಿಂದ ಹಿಡಿದು ದುಬೈಯ ದೇರಾ, ಸೌದಿಯ ಜುಬೈಲ್ ತನಕ ನಮ್ಮ ಹುಡುಗರಲ್ಲಿ ಅನೇಕರು ಕೂತಿರುವುದು ಬೇರೆಯವರ ಗಲ್ಲಾಪೆಟ್ಟಿಗೆಯ ಹಿಂದೆ. ಕ್ಯಾಶಿಯರ್, ಅಕೌಂಟೆಂಟ್, ಸ್ಟೋರ್ ಕೀಪರ್, ಸೇಲ್ಸ್‌ಮ್ಯಾನ್. ದೊಡ್ಡ ಡಿಗ್ರಿ ಇಲ್ಲದ ಹುಡುಗನಿಗೂ ಕೆಲಸ ಸಿಕ್ಕಿದ್ದು ‘ನಮ್ಮ ಊರಿನವನು, ನಂಬಬಹುದು’ ಎಂದು ಯಾರೋ ಒಬ್ಬರು ಧಣಿಗೆ ಹೇಳಿದ ಮಾತಿನ ಮೇಲೆ. ಆ ಒಂದು ಮಾತಿನಿಂದ ಎಷ್ಟು ಮನೆಗಳಲ್ಲಿ ಒಲೆ ಉರಿದಿದೆ, ಎಷ್ಟು ತಂಗಿಯರ ನಿಕಾಹ್ ನಡೆದಿದೆ. ಒಬ್ಬ ಕೈಯಾಡಿಸಿದರೆ ಹೋಗುವುದು ಅವನ ಕೆಲಸ ಮಾತ್ರವಲ್ಲ. ಅವನ ಹಿಂದೆ ಸಾಲಾಗಿ ನಿಂತ ಹತ್ತು ಹುಡುಗರ ಬಾಗಿಲೂ ಮುಚ್ಚುತ್ತದೆ.

ಇಂಥದ್ದು ಹೇಗೆ ನಡೆಯುತ್ತದೆ ಎಂದು ತಿಳಿಯಲು ಕೋರ್ಟಿನಲ್ಲಿ ಸಾಬೀತಾದ ಒಂದು ಪ್ರಕರಣ ನೋಡೋಣ. ಅಮೆರಿಕದ ಫ್ಲೋರಿಡಾದಲ್ಲಿ ಜಾಕ್ಸನ್‌ವಿಲ್ ಜಾಗ್ವಾರ್ಸ್ ಎಂಬ ವೃತ್ತಿಪರ ಫುಟ್‌ಬಾಲ್ ತಂಡವಿದೆ. ಮಾಲಕ ಶಾಹಿದ್ ಖಾನ್. ಲಾಹೋರ್‌ನಲ್ಲಿ ಹುಟ್ಟಿ, 16ನೇ ವಯಸ್ಸಿಗೆ ಅಮೆರಿಕಕ್ಕೆ ಹೋಗಿ, ಮೊದಲಿಗೆ ಪಾತ್ರೆ ತೊಳೆದು ಮೇಲೆ ಬಂದವರು. ಅವರ ತಂಡದ ಹಣಕಾಸು ವಿಭಾಗದ ಒಬ್ಬ ನೌಕರನ ಕೈಯಲ್ಲಿ ಕಂಪೆನಿಯ ‘ವರ್ಚುವಲ್ ಕ್ರೆಡಿಟ್ ಕಾರ್ಡ್’ ವ್ಯವಸ್ಥೆ ಇತ್ತು. ಕಾರ್ಡ್ ಕೈಯಲ್ಲಿರುವುದಿಲ್ಲ, ನಂಬರ್ ಮಾತ್ರ. 2019ರ ಸೆಪ್ಟೆಂಬರ್‌ನಿಂದ 2023ರ ಫೆಬ್ರವರಿ ತನಕ ಅವನು ಆ ಕಾರ್ಡಿನಿಂದ 2.2 ಕೋಟಿ ಡಾಲರ್‌ಗಿಂತಲೂ ಹೆಚ್ಚು ಎತ್ತಿದ. ನಮ್ಮ ಲೆಕ್ಕದಲ್ಲಿ 180 ಕೋಟಿ ರೂಪಾಯಿಗೆ ಕಮ್ಮಿ ಇಲ್ಲ.

ಅವನ ಉಪಾಯ ಬಹಳ ಸರಳ. ತಂಡದ ಊಟ, ವಿಮಾನ, ಹೋಟೆಲಿನ ಖರ್ಚು ಹೇಗೂ ದೊಡ್ಡದು. ಅದರಲ್ಲಿ ಕೆಲವನ್ನು ಉಬ್ಬಿಸಿದ, ಕೆಲವನ್ನು ಎರಡೆರಡು ಸಲ ತೋರಿಸಿದ, ಇನ್ನು ಕೆಲವನ್ನು ಸೃಷ್ಟಿಸಿಯೇ ಬರೆದ. ಖರ್ಚು ಮಾಡುವವನೂ ಅವನೇ, ಖರ್ಚಿನ ಪಟ್ಟಿ ಲೆಕ್ಕದ ವಿಭಾಗಕ್ಕೆ ಕಳಿಸುವವನೂ ಅವನೇ. ಆ ಹಣದಲ್ಲಿ ಟೆಸ್ಲಾ ಕಾರು, ಅಪಾರ್ಟ್‌ಮೆಂಟ್, 95 ಸಾವಿರ ಡಾಲರ್ ದಾಟಿದ ಒಂದು ಕೈಗಡಿಯಾರ, ಗೆಳೆಯರ ಜೊತೆ ಬಾಡಿಗೆ ವಿಮಾನದಲ್ಲಿ ಪ್ರವಾಸ. ಬಹುಪಾಲು ಹೋದದ್ದು ಆನ್‌ಲೈನ್ ಜೂಜಿಗೆ. 2024ರ ಮಾರ್ಚ್‌ನಲ್ಲಿ ಅವನಿಗೆ ಆರೂವರೆ ವರ್ಷ ಜೈಲು ಶಿಕ್ಷೆಯಾಯಿತು. ಗೆಳೆಯರು ಆ ವಿಮಾನದಲ್ಲಿ ಕೂತಿದ್ದರು. ತಂಡದ ಒಬ್ಬ ಸಾಧಾರಣ ನೌಕರನಿಗೆ ವಿಮಾನ ಬಾಡಿಗೆಗೆ ಹಿಡಿಯುವಷ್ಟು ದುಡ್ಡು ಎಲ್ಲಿಂದ ಎಂಬ ಪ್ರಶ್ನೆ ಅವರ ಮುಂದೆಯೂ ಇತ್ತು.

ಇನ್ನೊಂದು ಪ್ರಕರಣ ನಮ್ಮವರಿಗೆ ಪರಿಚಯವಿರುವ ದುಬೈಯದ್ದು. ಹಷ್‌ಪಪ್ಪಿ ಎಂಬ ಹೆಸರಿನ ನೈಜೀರಿಯಾದವನಿಗೆ ಇನ್‌ಸ್ಟಾಗ್ರಾಮ್‌ನಲ್ಲಿ 20 ಲಕ್ಷಕ್ಕೂ ಹೆಚ್ಚು ಹಿಂಬಾಲಕರಿದ್ದರು. ರೋಲ್ಸ್‌ರಾಯ್ಸ್, ಖಾಸಗಿ ವಿಮಾನ, ದುಬಾರಿ ವಾಚು, ದಿನಕ್ಕೊಂದು ಫೋಟೋ. ಅವನು ಯಾವ ಕಂಪೆನಿಯ ನೌಕರನೂ ಅಲ್ಲ. ಕಂಪೆನಿಗಳಿಗೆ ಕಳ್ಳ ಇಮೇಲ್ ಕಳಿಸಿ ಹಣವನ್ನು ಬೇರೆ ಖಾತೆಗೆ ತಿರುಗಿಸುವ ಗ್ಯಾಂಗಿನವನು. 2020ರ ಜೂನ್‌ನಲ್ಲಿ ದುಬೈಯಲ್ಲೇ ಸಿಕ್ಕಿಬಿದ್ದ. 2022ರ ನವೆಂಬರ್‌ನಲ್ಲಿ ಅಮೆರಿಕದ ಕೋರ್ಟು 11 ವರ್ಷಕ್ಕೂ ಮೇಲಿನ ಶಿಕ್ಷೆ ಕೊಟ್ಟಿತು. ಅವನೇ ಮೆರೆದು ಹಾಕಿದ ಪೋಸ್ಟುಗಳನ್ನು ಎಫ್‌ಬಿಐ ಕೇಸಿನಲ್ಲಿ ಬಳಸಿಕೊಂಡಿತು. ಅದಕ್ಕೂ ಮೊದಲು ವರ್ಷಗಟ್ಟಲೆ ಲಕ್ಷಾಂತರ ಜನ ಆ ಫೋಟೋಗಳಿಗೆ ಲೈಕ್ ಒತ್ತಿದ್ದರು, ‘ಮಾಶಾ ಅಲ್ಲಾಹ್, ನನಗೂ ಹೀಗೆ ಆಗಲಿ’ ಎಂದು ಬಯಸಿದವರೂ ಅವರಲ್ಲಿ ಇರಬಹುದು.

ಹೀಗೆ ಬಯಸುವವರ ಬಗ್ಗೆ ಕುರ್‌ಆನ್ ಮೊದಲೇ ಹೇಳಿಬಿಟ್ಟಿದೆ. ಸೂರಾ ಅಲ್ ಕಸಸ್‌ನಲ್ಲಿ ಬರುವ ಕಾರೂನನ ಕಥೆ ಮದ್ರಸದ ಮಕ್ಕಳಿಗೂ ಗೊತ್ತು. ಅವನ ಖಜಾನೆಯ ಬೀಗದ ಕೈಗಳನ್ನು ಹೊರಲು ಬಲಶಾಲಿಗಳ ಗುಂಪೇ ಬೇಕಿತ್ತು. ಇದೆಲ್ಲ ನನ್ನ ಬುದ್ಧಿಯಿಂದ ಬಂತೆಂದ. ಸಕಲ ಆಡಂಬರದೊಂದಿಗೆ ಜನರ ಎದುರು ಹೊರಟ. ಕೊನೆಗೆ ಅವನನ್ನೂ ಅವನ ಮನೆಯನ್ನೂ ಭೂಮಿ ನುಂಗಿತು. ಆದರೆ ಆ ಕಥೆಯಲ್ಲಿ ದಾರಿಯ ಬದಿ ನಿಂತು ನೋಡಿದವರೂ ಇದ್ದಾರೆ. ನಮಗೂ ಹಾಗೆ ಸಿಕ್ಕಿದ್ದರೆ ಎಷ್ಟು ಚೆನ್ನಾಗಿತ್ತು, ಅವನು ಭಾಗ್ಯವಂತ ಎಂದವರು. ಮರುದಿನ ಅವರೇ ಬದುಕಿಕೊಂಡೆವಲ್ಲ ಎಂದು ನಿಟ್ಟುಸಿರು ಬಿಟ್ಟರು. ಮೆರೆಯುವವನಿಗೆ ನೋಡುವವರು ಬೇಕು. ಇಂದಿನ ಸ್ಟೇಟಸ್ ನೋಡುವವರು ಆ ದಾರಿಬದಿಯ ಜನರೇ.

ನಮ್ಮ ಮಾತು ಇಷ್ಟೇ. ಕದಿಯುವವನನ್ನು ಮೊದಲು ಗುರುತಿಸಬಲ್ಲದ್ದು ಅವನ ಮನೆ. ಆಡಿಟರ್ ನೋಡುವುದು ಕಾಗದ, ಮನೆ ನೋಡುವುದು ಬದುಕು. ವಂಚನೆ ತನಿಖೆ ಮಾಡುವ ತಜ್ಞರ ಅಂತಾರಾಷ್ಟ್ರೀಯ ಸಂಘವೊಂದು ಎರಡು ವರ್ಷಕ್ಕೊಮ್ಮೆ ವರದಿ ಹೊರಡಿಸುತ್ತದೆ. ಅದರ 2024ರ ವರದಿಯಲ್ಲಿ 138 ದೇಶಗಳ 1,921 ಪ್ರಕರಣಗಳಿವೆ. ಕದ್ದವರಲ್ಲಿ ಅತಿ ಹೆಚ್ಚು ಕಂಡ ಲಕ್ಷಣ ಸಂಪಾದನೆಗೆ ಮೀರಿದ ಜೀವನ. 39 ಶೇಕಡಾ ಪ್ರಕರಣಗಳಲ್ಲಿ ಅದಿತ್ತು. ಬಯಲಾದದ್ದು ಹೇಗೆಂದು ನೋಡಿದರೆ, 43 ಶೇಕಡಾ ಪ್ರಕರಣಗಳಲ್ಲಿ ಯಾರೋ ಒಬ್ಬರು ಬಾಯಿಬಿಟ್ಟು ಹೇಳಿದ್ದರಿಂದ. ಅಂದರೆ ಕಣ್ಣಿಗೆ ಕಾಣುವಂಥದ್ದೇ ಇರುತ್ತದೆ, ಹೇಳುವವರು ಬೇಕು.

ಉದಾಹರಣೆಗೆ, ಮಗ 2,500 ದಿರ್ಹಮ್ ಸಂಬಳಕ್ಕೆ ಹೋದನೆಂದು ಇಟ್ಟುಕೊಳ್ಳಿ. ರೂಮಿನ ಬಾಡಿಗೆ, ಮೆಸ್ಸು, ಊರಿಗೆ ಕಳಿಸುವುದು ಕಳೆದರೆ ಕೈಯಲ್ಲಿ ಎಷ್ಟು ಉಳಿಯುತ್ತದೆ ಎಂದು ಉಮ್ಮನಿಗೂ ಗೊತ್ತು, ಉಪ್ಪನಿಗೂ ಗೊತ್ತು. ಎರಡೇ ವರ್ಷದಲ್ಲಿ ಅವನು ಬಂದು 40 ಲಕ್ಷದ ಜಾಗಕ್ಕೆ ರೊಕ್ಕ ಎಣಿಸಿದರೆ, ಆ ಲೆಕ್ಕ ಕೂಡುವುದಿಲ್ಲ ಎಂದು ತಿಳಿಯಲು ಸಿಎ ಪಾಸಾಗಬೇಕಾಗಿಲ್ಲ. ಆಗ ಮನೆಯಲ್ಲಿ ‘ಅಲ್ಲಾಹನು ಬರಕತ್ ಕೊಟ್ಟ’ ಎಂಬ ಉತ್ತರಕ್ಕೆ ಎಲ್ಲರೂ ತಲೆಯಾಡಿಸುತ್ತಾರೆ. ಕಷ್ಟಪಟ್ಟು ಸೈಡ್ ಬಿಸಿನೆಸ್ ಮಾಡಿದವನಿಗೆ ಅದನ್ನು ಬಿಡಿಸಿ ಹೇಳಲು ಐದು ನಿಮಿಷ ಸಾಕು. ಹೇಳಲಾಗದಿದ್ದರೆ ಅಲ್ಲೇ ನಿಲ್ಲಬೇಕು.

ಇಲ್ಲಿ ಒಂದು ಎಚ್ಚರವೂ ಬೇಕು. ಇನ್ನೊಬ್ಬರ ಮೇಲೆ ಗುಮಾನಿ ಪಡುವುದು, ಅವರ ಗುಟ್ಟು ಕೆದಕುವುದು ಸೂರಾ ಹುಜುರಾತ್‌ನಲ್ಲಿ ಸ್ಪಷ್ಟವಾಗಿ ನಿಷಿದ್ಧ. ನೆರೆಯವನ ಹೊಸ ಕಾರು ನೋಡಿ ಅಂಗಡಿ ಜಗಲಿಯಲ್ಲಿ ಕೂತು ಕಥೆ ಕಟ್ಟುವುದಕ್ಕೆ ಈ ಸಂಪಾದಕೀಯ ಪರವಾನಿಗೆಯಲ್ಲ. ಆದರೆ ಮಗನನ್ನು ಉಪ್ಪ ಕೇಳುವುದು, ಗಂಡನನ್ನು ಹೆಂಡತಿ ಕೇಳುವುದು, ತಮ್ಮನನ್ನು ಅಣ್ಣ ಕೇಳುವುದು ಗುಮಾನಿಯಲ್ಲ, ಅದು ಹಕ್ಕು. ಆ ಹಣದ ಅನ್ನ ಉಣ್ಣುವವರು ಅವರು.

ಮನೆಯ ಬೇಡಿಕೆಯ ಪಟ್ಟಿಯನ್ನೂ ಒಮ್ಮೆ ನೋಡಬೇಕು. ತಂಗಿಯ ಮದುವೆಗೆ ದೊಡ್ಡ ಹಾಲೇ ಬೇಕು, ಇಷ್ಟು ಪವನು ಬಂಗಾರ ಬೇಕು, ಸ್ಟೇಜು ಹೂವಿನದ್ದೇ ಆಗಬೇಕು, ವೀಡಿಯೋ ರೀಲ್ಸ್ ಆಗಬೇಕು. ಪಕ್ಕದ ಮನೆಯವನು ಕಳಿಸಿದ, ನೀನು ಏನು ಕಳಿಸಿದೆ ಎಂಬ ಮಾತು ಫೋನಿನಲ್ಲಿ ವಾರಕ್ಕೊಮ್ಮೆ ಹೋಗುತ್ತದೆ. ಎದುರಿಗೆ ಬೇರೆಯವರ ಗಲ್ಲಾಪೆಟ್ಟಿಗೆ ತೆರೆದಿರುವ ಹುಡುಗನ ಕಿವಿಗೆ ಈ ಮಾತು ಹೇಗೆ ಕೇಳಿಸೀತು? ಕದ್ದದ್ದಕ್ಕೆ ಇದು ನೆಪವಾಗದು, ತಪ್ಪು ಅವನದೇ. ಆದರೆ ಹಲಾಲ್ ಸಂಬಳದಲ್ಲಿ ಹಿಡಿಯುವಷ್ಟೇ ಕೇಳುವುದು ಮನೆಯವರ ಹೊಣೆ.

‘ಕಮಿಷನ್’ ಎಂಬ ಇನ್ನೊಂದು ಬಾಗಿಲಿದೆ. ಪರ್ಚೇಸ್ ಮಾಡುವವನಿಗೆ ಸಪ್ಲೈ ಮಾಡುವವನು ಕವರ್ ಕೊಟ್ಟರೆ ಅದು ಕಳವಲ್ಲ, ಗಿಫ್ಟ್ ಎಂದು ಹೇಳುವವರಿದ್ದಾರೆ. ಝಕಾತ್ ಸಂಗ್ರಹಕ್ಕೆ ಹೋಗಿ ಬಂದ ಒಬ್ಬರು, ಇದು ನಿಮ್ಮದು, ಇದು ನನಗೆ ಸಿಕ್ಕ ಉಡುಗೊರೆ ಎಂದು ಎರಡು ಪಾಲು ಮಾಡಿದಾಗ ಪ್ರವಾದಿ(ಸ) ಮಿಂಬರ್ ಏರಿ ಅದನ್ನು ಖಂಡಿಸಿದ ಹದೀಸ್ ಪ್ರಸಿದ್ಧ. ತಂದೆತಾಯಿಯ ಮನೆಯಲ್ಲಿ ಸುಮ್ಮನೆ ಕೂತಿದ್ದರೆ ಆ ಉಡುಗೊರೆ ಹುಡುಕಿಕೊಂಡು ಬರುತ್ತಿತ್ತೇ ಎಂಬುದು ಅವರ ಪ್ರಶ್ನೆಯ ಸಾರ. ಇಂದಿನ ಪರ್ಚೇಸ್ ಆಫೀಸರನೂ ತನ್ನನ್ನು ತಾನೇ ಇದನ್ನು ಕೇಳಿಕೊಳ್ಳಬಹುದು. ಧಣಿಗೆ ಗೊತ್ತಿಲ್ಲದ ಕಮಿಷನ್ ಧಣಿಯ ಹಣವೇ.

ಅಂಗಡಿ, ಕಂಪೆನಿ ನಡೆಸುವ ನಮ್ಮವರಿಗೂ ಒಂದು ಮಾತು. ‘ನಮ್ಮ ಹುಡುಗ’ ಎಂದು ಹಣ, ಬಿಲ್ಲು, ಬ್ಯಾಂಕಿನ ಓಟಿಪಿ ಎಲ್ಲವನ್ನೂ ಒಬ್ಬನ ಕೈಗೇ ಕೊಡುವುದು ನಂಬಿಕೆಯಲ್ಲ, ಅವನನ್ನು ಪರೀಕ್ಷೆಗೆ ದೂಡುವುದು. ಹಣ ಕೊಡುವವನು ಒಬ್ಬ, ಲೆಕ್ಕ ಬರೆಯುವವನು ಇನ್ನೊಬ್ಬ ಇರಲಿ. ಬ್ಯಾಂಕ್ ಸ್ಟೇಟ್‌ಮೆಂಟ್ ನೇರ ನಿಮ್ಮ ಕೈಗೆ ಬರಲಿ. ಕ್ಯಾಶಿನವನು ವರ್ಷಕ್ಕೊಮ್ಮೆ ಕಡ್ಡಾಯವಾಗಿ ರಜೆ ಹಾಕಲಿ, ಆ ದಿನಗಳಲ್ಲಿ ಬೇರೆಯವನು ಕೂರಲಿ. ಅಮೆರಿಕದ ಇಲಿನಾಯ್‌ನ ಡಿಕ್ಸನ್ ಎಂಬ ಸಣ್ಣ ಪಟ್ಟಣದಲ್ಲಿ ನಗರಸಭೆಯ ಲೆಕ್ಕಾಧಿಕಾರಿ 1990ರಿಂದ 5 ಕೋಟಿ ಡಾಲರ್‌ಗೂ ಹೆಚ್ಚು ನುಂಗಿ, ನೂರಾರು ಕುದುರೆ ಸಾಕಿ ಮೆರೆದಿದ್ದಳು. ಕುದುರೆಯಲ್ಲೇ ದುಡ್ಡು ಮಾಡಿದ್ದಾಳೆಂದು ಊರು ನಂಬಿತ್ತು. ಅವಳು ರಜೆಯಲ್ಲಿದ್ದಾಗ ಅವಳ ಜಾಗದಲ್ಲಿ ಕೂತವರು ಬ್ಯಾಂಕ್ ಸ್ಟೇಟ್‌ಮೆಂಟ್ ತರಿಸಿದರು, ಯಾರಿಗೂ ಗೊತ್ತಿಲ್ಲದ ಒಂದು ಖಾತೆ ಅದರಲ್ಲಿ ಸಿಕ್ಕಿತು. 20 ವರ್ಷಕ್ಕೂ ಮೀರಿದ ಕಳವು ಬಯಲಾದದ್ದು ಒಂದು ರಜೆಯಿಂದ. ಹಾಗೆಯೇ ಸಂಬಳವನ್ನು ಸಮಯಕ್ಕೆ ಕೊಡಿ. ಬೆವರು ಆರುವ ಮೊದಲು ಕೂಲಿ ಕೊಡಬೇಕೆಂಬ ದೀನಿನ ಪಾಠ ಧಣಿಗಳಿಗೂ ಅನ್ವಯ.

ಜಮಾಅತ್ ಕಮಿಟಿಗಳಿಗೂ ಇದೇ ಅಳತೆ. ಏಕಾಏಕಿ ಶ್ರೀಮಂತನಾದವನು ಮಸೀದಿಯ ಮಿನಾರಕ್ಕೆ ಲಕ್ಷಗಟ್ಟಲೆ ಬರೆದಾಗ ಅವನಿಗೆ ಶಾಲು ಹೊದಿಸಿ ಮೊದಲ ಸಾಲಿನಲ್ಲಿ ಕೂರಿಸುವ ಮುನ್ನ ಸ್ವಲ್ಪ ತಡೆಯಬೇಕು. ಕದ್ದ ಹಣ ದಾನವಾಗಿ ಶುದ್ಧವಾಗುವುದಿಲ್ಲ. ಅದು ಒಡೆಯನ ಹಣ, ಒಡೆಯನಿಗೇ ಹೋಗಬೇಕು. ಕಮಿಟಿಯ ಲೆಕ್ಕವೂ ಇಬ್ಬರ ಸಹಿಯಲ್ಲಿ ಇರಲಿ, ವರ್ಷಕ್ಕೊಮ್ಮೆ ಜಮಾಅತಿನ ಮುಂದೆ ಓದಿ ಹೇಳುವಂತಾಗಲಿ.

ಈಗಾಗಲೇ ಕೈ ಹಾಕಿರುವವರು ಈ ಪುಟ ಓದುತ್ತಿದ್ದರೆ ಅವರಿಗೂ ಹೇಳುವುದಿದೆ. ‘ಮುಂದಿನ ತಿಂಗಳು ತುಂಬಿಸಿಬಿಡುತ್ತೇನೆ’ ಎಂದೇ ಎಲ್ಲರೂ ಶುರುಮಾಡುವುದು. ತುಂಬುವುದಿಲ್ಲ, ಹೊಂಡ ದೊಡ್ಡದಾಗುತ್ತದೆ. ಜೂಜಿನ ಆ್ಯಪ್‌ಗೆ ಬಿದ್ದರಂತೂ ತಳವೇ ಇಲ್ಲ. ಭಾರತೀಯ ನ್ಯಾಯ ಸಂಹಿತೆಯ 316ನೇ ಕಲಮಿನಲ್ಲಿ ನೌಕರನ ನಂಬಿಕೆ ದ್ರೋಹಕ್ಕೆ 7 ವರ್ಷದ ತನಕ ಜೈಲು ಇದೆ. ಗಲ್ಫ್‌ನಲ್ಲಾದರೆ ಜೈಲಿನ ಜೊತೆಗೆ ಊರಿಗೆ ಬರುವ ದಾರಿಯೂ ಬಂದ್ ಆಗಬಹುದು. ಮನುಷ್ಯರ ಹಕ್ಕಿನ ವಿಷಯದಲ್ಲಿ ತೌಬಾ ನಾಲಗೆಯಿಂದ ಮಾತ್ರ ಆಗುವುದಿಲ್ಲ, ತೆಗೆದದ್ದನ್ನು ಮರಳಿಸಬೇಕು. ಮೊತ್ತ ಸಣ್ಣದಿರುವಾಗಲೇ ಮನೆಯ ಹಿರಿಯರಿಗೆ ಹೇಳಿ, ಒಬ್ಬ ವಕೀಲರನ್ನು ಕೇಳಿ, ಧಣಿಯ ಎದುರು ನಿಲ್ಲುವುದೇ ಕಡಿಮೆ ನಷ್ಟದ ದಾರಿ. ಆಗ ಮನೆಯವರೂ ಬಯ್ದು ಬಾಗಿಲು ಹಾಕದೆ, ಇದ್ದ ಬಂಗಾರ ಮಾರಿಯಾದರೂ ಮರಳಿಸಲು ಜೊತೆ ನಿಲ್ಲಬೇಕು.

ಪ್ರವಾದಿ(ಸ)ಯವರನ್ನು ಪ್ರವಾದಿತ್ವಕ್ಕೂ ಮೊದಲೇ ಮಕ್ಕಾದ ಜನ ಅಲ್ ಅಮೀನ್, ನಂಬಿಗಸ್ತ, ಎಂದು ಕರೆಯುತ್ತಿದ್ದರು. ಬೇರೆಯವರ ಸರಕು ಕೊಂಡೊಯ್ದು ವ್ಯಾಪಾರ ಮಾಡಿ ಲೆಕ್ಕ ಒಪ್ಪಿಸಿ ಗಳಿಸಿದ ಹೆಸರದು. ವ್ಯಾಪಾರ ನಂಬಿ ಬದುಕುವ ಸಮುದಾಯಕ್ಕೆ ಇದಕ್ಕಿಂತ ದೊಡ್ಡ ಆಸ್ತಿ ಇಲ್ಲ. ಮುಂದಿನ ಜುಮಾದಲ್ಲಿ ನಮ್ಮ ಖತೀಬರು ಅಮಾನತ್ತಿನ ಬಗ್ಗೆ ಹತ್ತು ನಿಮಿಷ ಮಾತಾಡಲಿ ಎಂದು ಕೋರುತ್ತೇವೆ. ಅದಕ್ಕೂ ಮೊದಲು, ಈ ಸಲ ರಜೆಗೆ ಬಂದ ಮಗ ಸೂಟ್‌ಕೇಸ್ ಬಿಚ್ಚುವಾಗ ಉಮ್ಮಂದಿರು ಪ್ರೀತಿಯಿಂದಲೇ, ಆದರೆ ಬಿಡದೆ ಕೇಳಲಿ: ‘ಮೋನೇ, ಇದು ಎಲ್ಲಿಂದ ಬಂತು?’