ಇಲ್ಲದ ವಸ್ತುವಿಗೆ ತೆರುವ ನಿಜವಾದ ಹಣ

ಕೈಗೆ ಸಿಗದ, ಮನೆಗೆ ತರಲಾಗದ, ಮೊಬೈಲ್ ಪರದೆಯಾಚೆ ಅಸ್ತಿತ್ವವೇ ಇಲ್ಲದ ವಸ್ತುಗಳಿಗೆ ಜನರು ದುಡಿದ ಹಣವನ್ನು ತೆರುವುದೇಕೆ? ಕೊಳ್ಳೇಗಾಲ, ಹನೂರು, ಯಳಂದೂರು ಕಡೆಯ ಪೋಷಕರಿಂದ ಈ ಪ್ರಶ್ನೆಯನ್ನು ನಾನು ಕೇಳುತ್ತಲೇ ಇದ್ದೇನೆ. ಆಟದೊಳಗಿನ ಯೋಧನಿಗೆ ಹೊಸ ಉಡುಪು, ಬಂದೂಕಿಗೆ ಹೊಸ ಬಣ್ಣ. ಇದಕ್ಕೆ ನೂರಾರು ರೂಪಾಯಿ. ಹುಡುಗಾಟಿಕೆಯೆಂದು ತಳ್ಳಿಹಾಕುವುದು ಸುಲಭ. ಅರ್ಥಶಾಸ್ತ್ರ ಹಾಗೆ ತಳ್ಳಿಹಾಕುವುದಿಲ್ಲ.

ಜೀವಾಧಾರವಾದ ನೀರು ಅಗ್ಗ, ನಿರುಪಯೋಗಿ ವಜ್ರ ದುಬಾರಿ ಎಂಬ ವಿರೋಧಾಭಾಸವನ್ನು ಆಡಂ ಸ್ಮಿತ್ 1776ರಲ್ಲೇ ಚರ್ಚಿಸಿದ್ದ. ಇತರರ ಕಣ್ಣಿಗೆ ಬೀಳಲೆಂದೇ ಮಾಡುವ ವೆಚ್ಚವನ್ನು ಥಾರ್ಸ್ಟೀನ್ ವೆಬ್ಲೆನ್ 1899ರಲ್ಲಿ ವಿಶ್ಲೇಷಿಸಿದ. ಕೊಳ್ಳೇಗಾಲದ ರೇಷ್ಮೆಯನ್ನು ಬಲ್ಲವರಿಗೆ ಇದು ಹೊಸ ಮಾತಲ್ಲ. ಮುಹೂರ್ತದ ಸೀರೆಗೆ ಕೊಡುವ ಬೆಲೆ ಮೈ ಮುಚ್ಚಿಕೊಳ್ಳುವುದಕ್ಕಲ್ಲ. ಮಹದೇಶ್ವರ ಬೆಟ್ಟದಲ್ಲಿ ಚಿನ್ನದ ರಥದ ಸೇವೆಗೆ ಹಣ ಕಟ್ಟುವ ಭಕ್ತ ಮನೆಗೆ ಒಯ್ಯುವುದು ನೆಮ್ಮದಿಯನ್ನೇ ಹೊರತು ರಥವನ್ನಲ್ಲ. ಭಕ್ತಿಯನ್ನೂ ಆಟವನ್ನೂ ನಾನು ಸಮೀಕರಿಸುತ್ತಿಲ್ಲ. ಮೌಲ್ಯವು ವಸ್ತುವಿಗಿಂತ ಮನಸ್ಸಿನಲ್ಲಿ, ಸಮುದಾಯದ ಮನ್ನಣೆಯಲ್ಲಿ ನೆಲೆಸಬಹುದು ಎಂದಷ್ಟೇ ಹೇಳುತ್ತಿದ್ದೇನೆ. ಸಂಜೆಯಾದೊಡನೆ ಗೆಳೆಯರನ್ನು ಆಟದಲ್ಲೇ ಸಂಧಿಸುವ ಹುಡುಗನಿಗೆ ಆ ಉಡುಪು ಹಬ್ಬದ ಹೊಸಬಟ್ಟೆಯಿದ್ದಂತೆ.

ಆದ್ದರಿಂದ ದೋಷವನ್ನು ಕೊಳ್ಳುವವನ ಆಸೆಯಲ್ಲಿ ಹುಡುಕುವುದಕ್ಕಿಂತ ಮಾರುವವನ ವಿಧಾನದಲ್ಲಿ ಹುಡುಕುವುದು ಸೂಕ್ತ. ಮೊದಲು ರೂಪಾಯಿಯನ್ನು ಆಟದ ನಾಣ್ಯವನ್ನಾಗಿ ಪರಿವರ್ತಿಸಲಾಗುತ್ತದೆ. ಅನಂತರ ನಿಜವಾದ ಬೆಲೆ ಯಾರಿಗೂ ನೆನಪಿರುವುದಿಲ್ಲ. ಇನ್ನೊಂದು ಪ್ರತಿ ಸೃಷ್ಟಿಸಲು ಕಂಪನಿಗೆ ಖರ್ಚೇ ಇಲ್ಲದಿದ್ದರೂ 'ಇಂದು ಮಾತ್ರ' ಎಂಬ ಕೃತಕ ಅಭಾವ ಹುಟ್ಟುತ್ತದೆ. ಕೆಲವೆಡೆ ಕೊಂಡ ಪೆಟ್ಟಿಗೆಯಲ್ಲಿ ಏನಿದೆಯೆಂಬುದೂ ಅದೃಷ್ಟಕ್ಕೆ ಬಿಟ್ಟದ್ದು.

ಎಲ್ಲಕ್ಕಿಂತ ಗಂಭೀರವಾದುದು ಒಡೆತನದ ಪ್ರಶ್ನೆ. ಸೀರೆಯನ್ನು ಮಗಳಿಗೆ ಕೊಡಬಹುದು. ಆಟದ ಉಡುಪಿಗೆ ಸಾಮಾನ್ಯವಾಗಿ ದೊರೆಯುವುದು ಬಳಕೆಯ ಪರವಾನಗಿ ಮಾತ್ರ. ಪಬ್‌ಜಿ ಮೊಬೈಲ್ ಆಟವನ್ನು ಕೇಂದ್ರ ಸರ್ಕಾರ 2020ರ ಸೆಪ್ಟೆಂಬರ್‌ನಲ್ಲಿ ನಿಷೇಧಿಸಿತು. ಅಕ್ಟೋಬರ್ ಅಂತ್ಯಕ್ಕೆ ಅದರ ಸೇವೆ ಭಾರತದಲ್ಲಿ ನಿಂತಾಗ, ಕೊಂಡ ವಸ್ತುಗಳೂ ಕೈಗೆಟುಕದಾದವು. ಮರುವರ್ಷದ ಭಾರತೀಯ ಆವೃತ್ತಿಗೆ ಅವನ್ನು ವರ್ಗಾಯಿಸಿಕೊಳ್ಳುವ ಅವಕಾಶ ದೊರೆತದ್ದು ಕಂಪನಿಯ ಕೃಪೆಯಿಂದ, ಕೊಂಡವರ ಹಕ್ಕಿನಿಂದಲ್ಲ.

ನಮ್ಮ ಶಾಸನಗಳ ಗಮನವೆಲ್ಲ ಜೂಜಿನ ಮೇಲೆ. ಹಣ ಪಣಕ್ಕಿಡುವ ಆನ್‌ಲೈನ್ ಆಟಗಳ ವಿರುದ್ಧ ಕರ್ನಾಟಕ 2021ರಲ್ಲಿ ಪೊಲೀಸ್ ಕಾಯ್ದೆಗೆ ತಂದ ತಿದ್ದುಪಡಿಯ ಮುಖ್ಯ ಅಂಶಗಳನ್ನು ಹೈಕೋರ್ಟ್ 2022ರ ಫೆಬ್ರುವರಿಯಲ್ಲಿ ರದ್ದುಪಡಿಸಿತು. ಸಂಸತ್ತು 2025ರ ಆಗಸ್ಟ್‌ನಲ್ಲಿ ಅಂಗೀಕರಿಸಿದ ಕಾಯ್ದೆ ಹಣದ ಆಟಗಳನ್ನು ದೇಶದಾದ್ಯಂತ ನಿಷೇಧಿಸುವಂಥದು. ಗೆಲುವಿನ ಹಣದ ನಿರೀಕ್ಷೆಯಿಲ್ಲದೆ ಬರಿಯ ಅಲಂಕಾರಕ್ಕೆ ಕೊಳ್ಳುವ ವಸ್ತು ಈ ನಿಷೇಧದ ಗುರಿಯಲ್ಲ, ಆಗಬೇಕಾಗಿಯೂ ಇಲ್ಲ.

ಇಲ್ಲಿ ಬೇಕಾದುದು ನಿಷೇಧವಲ್ಲ, ನ್ಯಾಯವಾದ ವ್ಯಾಪಾರದ ನಿಯಮ. ಪ್ರತಿ ವಸ್ತುವಿನ ಬೆಲೆಯನ್ನು ರೂಪಾಯಿಯಲ್ಲೇ ತೋರಿಸಬೇಕು. ಅದೃಷ್ಟದ ಪೆಟ್ಟಿಗೆಯಲ್ಲಿ ಯಾವುದು ದೊರೆಯುವ ಸಂಭವವೆಷ್ಟೆಂದು ಪ್ರಕಟಿಸಬೇಕು. ಚೀನಾ 2017ರಿಂದಲೇ ಇದನ್ನು ಕಡ್ಡಾಯಗೊಳಿಸಿದೆ. ಅಂಥ ಕೆಲವು ಪೆಟ್ಟಿಗೆಗಳನ್ನು ಬೆಲ್ಜಿಯಂ 2018ರಲ್ಲಿ ಜೂಜೆಂದೇ ಪರಿಗಣಿಸಿತು. ಅಪ್ರಾಪ್ತ ವಯಸ್ಕರ ಕರಾರು ಅಸಿಂಧುವೆಂದು ಪ್ರಿವಿ ಕೌನ್ಸಿಲ್ 1903ರಲ್ಲೇ ತೀರ್ಪಿತ್ತಿದೆ. ಹಾಗಿರುವಾಗ ಮಕ್ಕಳು ತಂದೆತಾಯಿಯ ಅರಿವಿಲ್ಲದೆ ಮಾಡಿದ ಖರೀದಿಯ ಹಣವನ್ನು ಹಿಂಪಡೆಯುವ ದಾರಿ ಸರಳವಾಗಿರಬೇಕು, ಅದೂ ಕನ್ನಡದಲ್ಲಿ ಲಭ್ಯವಿರಬೇಕು. ಕೂಲಿಯ ಹಣ ಕಳೆದುಕೊಂಡ ಹನೂರಿನ ತಾಯಿ ದೂರು ಕೊಡಲು ಇಂಗ್ಲಿಷ್ ಕಲಿಯಬೇಕಾಗಿ ಬಂದರೆ ಅಂಥ ಹಕ್ಕಿನಿಂದ ಪ್ರಯೋಜನವಿಲ್ಲ.