ನಗಿಸಿದವರ ಬೆವರು



ಗುಬ್ಬಿಯಲ್ಲಿ ನನ್ನ ಬಳಿ ಓದಿ, ಈಗ ಇಂಗ್ಲೆಂಡಿನಲ್ಲಿ ನೆಲೆಸಿರುವ ವಿದ್ಯಾರ್ಥಿಯೊಬ್ಬರು ಪತ್ರ ಬರೆದು ಒಂದು ಪ್ರಶ್ನೆ ಕೇಳಿದ್ದಾರೆ: "ಸಾರ್, ಇಲ್ಲಿನವರಿಗೆ ಡಗ್ಲಸ್ ಆಡಮ್ಸ್ ಇದ್ದಂತೆ, ವಿಜ್ಞಾನವನ್ನೂ ನಗೆಯನ್ನೂ ಬೆರೆಸಿ ಬರೆದವರು ನಮ್ಮಲ್ಲಿ ಯಾರಿದ್ದಾರೆ?" ಒಬ್ಬರಿಗೆ ಉತ್ತರಿಸುವ ಬದಲು ಎಲ್ಲರೊಡನೆ ಹಂಚಿಕೊಳ್ಳುವುದು ಉಚಿತವೆಂದು ಭಾವಿಸಿ ಈ ಲೇಖನ ಬರೆಯುತ್ತಿದ್ದೇನೆ.

ಆಡಮ್ಸ್ ಅವರನ್ನು ಅರಿಯದವರಿಗಾಗಿ ಮೊದಲು ಎರಡು ಮಾತು. 1952ರಲ್ಲಿ ಕೇಂಬ್ರಿಡ್ಜಿನಲ್ಲಿ ಹುಟ್ಟಿ 2001ರಲ್ಲಿ, ತಮ್ಮ ನಲವತ್ತೊಂಬತ್ತನೆಯ ವಯಸ್ಸಿನಲ್ಲಿ ತೀರಿಕೊಂಡ ಬ್ರಿಟಿಷ್ ಲೇಖಕರಿವರು. 1978ರಲ್ಲಿ ಬಿಬಿಸಿ ರೇಡಿಯೋಗಾಗಿ ಬರೆದ 'ದಿ ಹಿಚ್‌ಹೈಕರ್ಸ್ ಗೈಡ್ ಟು ದಿ ಗ್ಯಾಲಕ್ಸಿ' ಮರುವರ್ಷ ಕಾದಂಬರಿಯಾಗಿ ಜಗತ್ಪ್ರಸಿದ್ಧವಾಯಿತು. ಬೈಪಾಸ್ ರಸ್ತೆಗಾಗಿ ಒಬ್ಬನ ಮನೆಯನ್ನು ಕೆಡವಲು ಬರುತ್ತಾರೆ. ಅಷ್ಟರಲ್ಲಿ ಅಂತರಿಕ್ಷದ ಬೈಪಾಸ್ ರಸ್ತೆಗಾಗಿ ಭೂಮಿಯನ್ನೇ ಕೆಡವಲು ಬೇರೆಯವರು ಬಂದಿರುತ್ತಾರೆ. ಹೆದ್ದಾರಿಯ ಅಂಚಿನಲ್ಲೇ ಬಾಳಿದ ತುಮಕೂರಿನವರಿಗೆ ಈ ಹಾಸ್ಯವನ್ನು ವಿವರಿಸಬೇಕಾಗಿಲ್ಲ.

ಕಥೆಗಿಂತ ಹೆಚ್ಚಾಗಿ ನನ್ನನ್ನು ಯೋಚನೆಗೆ ಹಚ್ಚಿದ್ದು ಈ ಲೇಖಕರ ಜೀವನಚರಿತ್ರೆಗಳ ಸಂಗತಿ. ಯೌವನದಲ್ಲಿ ಇನ್ಸ್‌ಬ್ರುಕ್ ನಗರದ ಬಳಿ ಹೊಲವೊಂದರಲ್ಲಿ ಅಮಲಿನಲ್ಲಿ ಮಲಗಿ ನಕ್ಷತ್ರಗಳನ್ನು ನೋಡುತ್ತಿದ್ದಾಗ ಈ ಕಥೆಯ ಕಲ್ಪನೆ ಹೊಳೆಯಿತೆಂದು ಆಡಮ್ಸ್ ಹೇಳುತ್ತಿದ್ದರು. ಹೇಳಿ ಹೇಳಿ, ಕೊನೆಗೆ ಆ ಘಟನೆ ಮರೆತು ಹೇಳಿದ್ದಷ್ಟೇ ನೆನಪಿದೆ ಎಂದೂ ತಾವೇ ಒಪ್ಪಿಕೊಂಡಿದ್ದರು. ಅವರು ಬದುಕಿದ್ದಾಗಲೇ, 1988ರಲ್ಲಿ, ನೀಲ್ ಗೈಮನ್ ಅವರ ಕುರಿತು ಪುಸ್ತಕ ಬರೆದರು. ತೀರಿಕೊಂಡ ಎರಡೇ ವರ್ಷದಲ್ಲಿ ಎಂ. ಜೆ. ಸಿಂಪ್ಸನ್ ಮತ್ತು ನಿಕ್ ವೆಬ್ ಇಬ್ಬರೂ ಬೇರೆ ಬೇರೆ ಜೀವನಚರಿತ್ರೆಗಳನ್ನು ಹೊರತಂದರು. ಹೀಗೆ ಹಲವರು ಶ್ರಮಪಟ್ಟುದರಿಂದ ಅವರ ಬದುಕನ್ನು ಅವರದೇ ವಿನೋದದ ಆಚೆಗೂ ನೋಡುವುದು ಸಾಧ್ಯವಾಗಿದೆ.

ನನ್ನ ಅಭಿಪ್ರಾಯವನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ನಗೆಬರಹಗಾರನು ತನ್ನ ಬದುಕನ್ನು ಹೇಳಿಕೊಳ್ಳುವಾಗ ಪಟ್ಟ ಪಾಡನ್ನು ಮರೆಮಾಡಿ ನಗೆಯನ್ನಷ್ಟೇ ಮುಂದಿಡುತ್ತಾನೆ. ಅದನ್ನು ನಂಬಿ ನಾವು ಅವನನ್ನು ಬರಿಯ ವಿನೋದಗಾರನೆಂದು ಬಗೆದರೆ ನಷ್ಟ ನಮ್ಮದೇ.

ಈಗ ಪ್ರಶ್ನೆಗೆ ಉತ್ತರ. ವೈಜ್ಞಾನಿಕ ಕಥಾಸಾಹಿತ್ಯವೆಂದರೆ ಕನ್ನಡದಲ್ಲಿ ರಾಜಶೇಖರ ಭೂಸನೂರಮಠರ ಹೆಸರು ಮೊದಲು ನೆನಪಾಗುತ್ತದೆ. ಆದರೆ ವಿಜ್ಞಾನ ಮತ್ತು ನಗೆ ಒಂದೇ ಮೈಯಲ್ಲಿ ರಕ್ತವಾಗಿ ಹರಿದದ್ದು ಡಾ. ಬಿ.ಜಿ.ಎಲ್. ಸ್ವಾಮಿಯವರಲ್ಲಿ. ಅವರು ಬರೆದದ್ದು ಕಲ್ಪಿತ ಲೋಕಗಳನ್ನಲ್ಲ, ಕಾಲಡಿಯ ಗಿಡಮರಗಳನ್ನು. ಆಡಮ್ಸ್ ಅವರ ರೇಡಿಯೋ ನಾಟಕ ಪ್ರಸಾರವಾದ 1978ರಲ್ಲೇ ಸ್ವಾಮಿಯವರ 'ಹಸುರು ಹೊನ್ನು' ಕೃತಿಗೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಸಂದಿತು. ಅದಕ್ಕೆ ಎರಡು ವರ್ಷ ಮೊದಲು, 1976ರಲ್ಲಿ, ಅದೇ ಪ್ರಶಸ್ತಿ ಬಂದದ್ದು 'ಕೊರವಂಜಿ' ಹಾಸ್ಯಪತ್ರಿಕೆಯ ರಾ.ಶಿ. ಅವರಿಗೆ, ಅಂದರೆ ವೈದ್ಯರಾದ ಡಾ. ಎಂ. ಶಿವರಾಂ ಅವರಿಗೆ, ಮನಸ್ಸಿನ ವಿಜ್ಞಾನವನ್ನು ಕುರಿತ 'ಮನಮಂಥನ'ಕ್ಕಾಗಿ. ಕನ್ನಡದ ಇಬ್ಬರು ನಗೆಗಾರರಿಗೆ ದೇಶದ ದೊಡ್ಡ ಸಾಹಿತ್ಯ ಪ್ರಶಸ್ತಿ ಬಂದದ್ದು ವಿಜ್ಞಾನದ ಪುಸ್ತಕಗಳಿಗೆ ಎಂಬುದು ಆಕಸ್ಮಿಕವೆಂದು ನನಗೆ ತೋರುವುದಿಲ್ಲ.

ಡಿ.ವಿ.ಜಿ.ಯವರ ಸುಪುತ್ರರಾದ ಸ್ವಾಮಿಯವರು ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಪ್ರಾಧ್ಯಾಪಕರಾಗಿ, ಅನಂತರ ಪ್ರಾಂಶುಪಾಲರಾಗಿ ದುಡಿದು 1980ರಲ್ಲಿ ಕಾಲವಾದರು. ತಮ್ಮ ಬದುಕನ್ನು ಅವರು ಒಂದೇ ಗ್ರಂಥದಲ್ಲಿ ಹೇಳಲಿಲ್ಲ. 'ಪ್ರಾಧ್ಯಾಪಕನ ಪೀಠದಲ್ಲಿ', 'ತಮಿಳು ತಲೆಗಳ ನಡುವೆ', 'ಅಮೆರಿಕದಲ್ಲಿ ನಾನು' ಮೊದಲಾದ ಪುಸ್ತಕಗಳಲ್ಲಿ ಚೂರುಚೂರಾಗಿ, ನಗುನಗುತ್ತಾ ಹೇಳಿಕೊಂಡರು. ಅವರ 'ಕಾಲೇಜು ರಂಗ'ವನ್ನು 1976ರಲ್ಲಿ ಪುಟ್ಟಣ್ಣ ಕಣಗಾಲರು ಚಲನಚಿತ್ರ ಮಾಡಿದ ಮೇಲಂತೂ ಓದದವರಿಗೂ ಆ ಹಾಸ್ಯ ತಲುಪಿತು.

ತಲುಪದೆ ಉಳಿದದ್ದು ಅವರ ಸೂಕ್ಷ್ಮದರ್ಶಕ. ಆರ್ಕಿಡ್ ಸಸ್ಯಗಳ ಭ್ರೂಣಶಾಸ್ತ್ರದಲ್ಲಿ ಅವರು ಮಾಡಿದ ಕೆಲಸ ವಿದ್ವಾಂಸರಿಗಷ್ಟೇ ಗೊತ್ತು. ಹಾರ್ವರ್ಡ್ ವಿಶ್ವವಿದ್ಯಾನಿಲಯದ ಇರ್ವಿಂಗ್ ಬೈಲಿಯವರೊಡನೆ ಸೇರಿ, ಸಾರ್ಕಾಂಡ್ರ ಎಂಬ ಕುಲದ ಸಸ್ಯಗಳಲ್ಲಿ ಹೂಬಿಡುವ ಗಿಡಗಳಿಗೆ ಸಾಮಾನ್ಯವಾದ ನೀರ್ನಾಳಗಳು ಕಾಣಿಸವೆಂದು 1950ರಲ್ಲಿ ಪ್ರಕಟಿಸಿದರು. ಮುಂದೆ ಬೇರೆಯವರು ಅದೇ ಕುಲದಲ್ಲಿ ನಾಳಗಳನ್ನು ಕಂಡರು. ವಿಜ್ಞಾನ ಮುಂದುವರಿಯುವ ಬಗೆಯೇ ಅದು. ಆ ಕುಲದ ಒಂದು ಪ್ರಭೇದಕ್ಕೆ ಸ್ವಾಮಿಯವರು ತಮ್ಮ ಗುರುವಾದ ಬೈಲಿಯವರ ಹೆಸರನ್ನೇ ಇಟ್ಟರು. ಕಾಂಡವನ್ನು ಕೂದಲೆಳೆಯಷ್ಟು ತೆಳ್ಳಗೆ ಕೊಯ್ದು ಗಂಟೆಗಟ್ಟಲೆ ನೋಡುವ ಕಣ್ಣೇ ಸಹೋದ್ಯೋಗಿಯ ಸೋಗನ್ನೂ ಕಾಲೇಜಿನ ರಾಜಕೀಯವನ್ನೂ ಅಷ್ಟೇ ನಿಖರವಾಗಿ ಕಂಡಿತು. ಎಂದರೆ ಅವರ ನಗೆಯ ಬೇರು ನಿಖರತೆಯಲ್ಲಿದೆ. ಗಿಡಗಳನ್ನು ಬಿಟ್ಟು ಚಟಾಕಿಗಳನ್ನು ಮಾತ್ರ ವೇದಿಕೆಯ ಮೇಲೆ ಹೇಳುವ ಇಂದಿನ ಪದ್ಧತಿಯು ಬೇರು ಕತ್ತರಿಸಿ ಹೂವನ್ನು ಹೂದಾನಿಯಲ್ಲಿ ಇಟ್ಟಂತೆ.

ನಮ್ಮ ಸೀಮೆಯವರಿಗೆ ಇದು ಅರ್ಥವಾಗಬೇಕು. ಗುಬ್ಬಿ ವೀರಣ್ಣನವರು ಹಾಸ್ಯಪಾತ್ರಗಳಿಂದ ಮನೆಮಾತಾದವರು. 'ಸದಾರಮೆ'ಯ ಕಳ್ಳನ ಪಾತ್ರವನ್ನು ನಮ್ಮ ಹಿರಿಯರು ಬಾಯಿತುಂಬಾ ವರ್ಣಿಸುತ್ತಿದ್ದರು. ಆದರೆ ಆ ನಗೆಯ ಹಿಂದೆ ನೂರಾರು ಜನರ ಅನ್ನದ ಹೊಣೆ ಹೊತ್ತ ಕಂಪನಿಯ ಯಜಮಾನರಿದ್ದರು. ತಮ್ಮ ಆತ್ಮಕಥೆಗೆ ಅವರು ಇಟ್ಟ ಹೆಸರು 'ಕಲೆಯೇ ಕಾಯಕ'. ನಗಿಸುವುದೂ ಕಾಯಕವೆಂದು ಗುಬ್ಬಿಯವರಿಗೆ ಬೇರೆಯವರು ಕಲಿಸಬೇಕಾಗಿಲ್ಲ.

ಇನ್ನು ತರಗತಿಯ ಮಾತು. ಕುಣಿಗಲ್ಲಿನಲ್ಲಿದ್ದಾಗ ಸ್ವಾಮಿಯವರ 'ನಮ್ಮ ಹೊಟ್ಟೆಯಲ್ಲಿ ದಕ್ಷಿಣ ಅಮೆರಿಕ' ಪುಸ್ತಕವನ್ನು ಒಂಬತ್ತನೆಯ ತರಗತಿಗೆ ಒಯ್ದಿದ್ದೆ. ಮಕ್ಕಳ ಬುತ್ತಿಯಲ್ಲಿದ್ದ ಪದಾರ್ಥಗಳನ್ನು ಹಲಗೆಯ ಮೇಲೆ ಬರೆದು, ಹೊರದೇಶದಿಂದ ಬಂದವನ್ನು ಒಂದೊಂದಾಗಿ ಅಳಿಸುತ್ತಾ ಹೋದೆವು. ಮೆಣಸಿನಕಾಯಿ ಹೋಯಿತು, ನಮ್ಮ ಕಾಳುಮೆಣಸಿನ ಹೆಸರನ್ನು ಎರವಲು ಪಡೆದು ಬಂದ ಪರದೇಶಿ ಅದು. ಟೊಮೇಟೊ, ಆಲೂಗಡ್ಡೆ ಹೋದವು. ಪಾವಗಡ, ಮಧುಗಿರಿಗಳ ರೈತರು ನಂಬಿದ ಕಡಲೆಕಾಯಿಯೂ ದಕ್ಷಿಣ ಅಮೆರಿಕದ್ದೇ. ರಾಗಿಯ ತವರು ಆಫ್ರಿಕ ಎಂದಾಗ ತರಗತಿ ದುಃಖದಿಂದ ನಿಟ್ಟುಸಿರಿಟ್ಟಿತು. ಹುರುಳಿ ಮಾತ್ರ ಅಪ್ಪಟ ನಮ್ಮದು ಎಂದೆ. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು, "ಅದನ್ನೂ ನಮ್ಮೂರಿನ ಕುದುರೆಗಳು ತಿಂದುಬಿಡುತ್ತವಲ್ಲ ಸಾರ್!" ಎಂದ. ಕುಣಿಗಲ್ಲಿನ ಕುದುರೆ ಫಾರಂ ಬಲ್ಲ ಇಡೀ ತರಗತಿ ಬಿದ್ದುಬಿದ್ದು ನಕ್ಕಿತು.

ಆ ಹೊತ್ತಿಗೆ ಸರಿಯಾಗಿ ಶಾಲೆಗೆ ಬಂದಿದ್ದ ಅಧಿಕಾರಿಯೊಬ್ಬರು ಬಾಗಿಲಲ್ಲಿ ನಿಂತು, ಇದು ವಿಜ್ಞಾನದ ಪೀರಿಯಡ್ಡೋ ನಾಟಕದ ಪೀರಿಯಡ್ಡೋ ಎಂದು ಕೇಳಿದರು. ನಗು ನಿಂತಿತು. ಆ ಮೌನವನ್ನು ನಾನು ಇಂದಿಗೂ ಕ್ಷಮಿಸಿಲ್ಲ. ನಗು ಬಂದರೆ ಪಾಠ ಹಾಳಾಯಿತೆಂಬ ನಂಬಿಕೆ ಒಬ್ಬ ಅಧಿಕಾರಿಯದಲ್ಲ, ನಮ್ಮ ಶಿಕ್ಷಣದ್ದೇ. ವಿಜ್ಞಾನಕ್ಕೆ ಹೆದರುವ ಮಗು ಪ್ರಶ್ನೆ ಕೇಳುವುದಿಲ್ಲ, ಕೇಳದ ಮಗು ಉರು ಹೊಡೆಯುತ್ತದೆ. ಮನಬಿಚ್ಚಿ ನಕ್ಕ ಮಗುವಿಗೆ ಆ ಹೆದರಿಕೆ ಅರ್ಧ ಕಳೆದಿರುತ್ತದೆ. ಹಾಗೆಂದು ಪಾಠದ ನಡುವೆ ಯಾವುದೋ ನಗೆಹನಿ ಉದುರಿಸುವುದನ್ನು ನಾನು ಸಮರ್ಥಿಸುತ್ತಿಲ್ಲ. ನಗೆ ವಿಷಯದ ಒಳಗಿನಿಂದಲೇ ಹುಟ್ಟಬೇಕು. ಅದಕ್ಕೆ ಮೇಷ್ಟ್ರಿಗೆ ವಿಷಯ ಗೊತ್ತಿರಬೇಕು.

ಇದರಲ್ಲಿ ಇನ್ನೂ ದೊಡ್ಡ ಮಾತೊಂದಿದೆ. ಆಡಮ್ಸ್ ಅವರು ಪ್ರಾಣಿಶಾಸ್ತ್ರಜ್ಞ ಮಾರ್ಕ್ ಕಾರ್ವಾರ್ಡಿನ್ ಅವರೊಡನೆ ಅಳಿವಿನಂಚಿನ ಪ್ರಾಣಿಗಳನ್ನು ಹುಡುಕಿ ದೇಶದೇಶ ಅಲೆದು, 1990ರಲ್ಲಿ 'ಲಾಸ್ಟ್ ಚಾನ್ಸ್ ಟು ಸೀ' ಎಂಬ ಪುಸ್ತಕ ಬರೆದರು. ಪುಟಪುಟಕ್ಕೂ ನಗೆಯಿದೆ. ಆ ಪುಸ್ತಕದಲ್ಲಿ ಅವರು ಹುಡುಕಿ ಹೋದ ಚೀನದ ಯಾಂಗ್‌ಟ್ಸಿ ನದಿಯ ಡಾಲ್ಫಿನ್, 2006ರಲ್ಲಿ ನಡೆದ ಶೋಧದಲ್ಲಿ ಒಂದೂ ಕಣ್ಣಿಗೆ ಬೀಳಲಿಲ್ಲ. 'ಹಸುರು ಹೊನ್ನು' ಕೂಡ ವಿದ್ಯಾರ್ಥಿಗಳೊಡನೆ ಕಾಡು ಸುತ್ತಿದ ಕಥನವೇ. ಸಸ್ಯಗಳ ಲಕ್ಷಣ, ಅವುಗಳ ಬಗ್ಗೆ ಕವಿಗಳು ಆಡಿದ ಮಾತು, ಹುಡುಗರ ಚೇಷ್ಟೆ, ಲೇಖಕರೇ ಬರೆದ ಚಿತ್ರಗಳು ಎಲ್ಲವೂ ಅದರಲ್ಲಿ ಕೂಡಿವೆ. ಅದನ್ನು ಹಿಡಿದು ಹಲವು ತಂಡಗಳೊಡನೆ ನಾನು ದೇವರಾಯನದುರ್ಗ ಹತ್ತಿದ್ದೇನೆ. ನಿಮ್ಮಲ್ಲಿ ಕೆಲವರಿಗೆ ನಾಮದ ಚಿಲುಮೆಯ ಬಳಿ ಬುತ್ತಿ ಬಿಚ್ಚಿದ್ದು ನೆನಪಿರಬಹುದು. ಆಗ ದಾರಿಯಲ್ಲಿ ಸಿಕ್ಕ ಸೌದೆ ಹೊತ್ತ ಅಜ್ಜಿಯರು ನನಗೆ ತಿಳಿಯದ ಗಿಡಗಳ ಹೆಸರನ್ನೂ ಉಪಯೋಗವನ್ನೂ ಹೇಳುತ್ತಿದ್ದರು. ಇಂದು ನಮ್ಮ ಮಕ್ಕಳು ಹೆಸರಿಸಬಲ್ಲದ್ದು ಎಲ್ಲೆಡೆ ಹಬ್ಬಿರುವ ಲಂಟಾನ ಮತ್ತು ಕಾಂಗ್ರೆಸ್ ಗಿಡಗಳನ್ನು. ಎರಡೂ ಅಮೆರಿಕ ಖಂಡದಿಂದ ಬಂದವು. ಹೆಸರು ಮರೆತ ಗಿಡವನ್ನು ಕಡಿಯುವಾಗ ಯಾರಿಗೂ ಕೈ ನಡುಗುವುದಿಲ್ಲ.

ಆದ್ದರಿಂದ ನಿಮ್ಮಲ್ಲಿ ಉಪಾಧ್ಯಾಯರಾಗಿರುವವರಿಗೆ ನನ್ನ ವಿನಂತಿ: ಶಾಲೆಯ ಬೀರುವಿನಲ್ಲಿ 'ಹಸುರು ಹೊನ್ನು' ಇದ್ದರೆ ಅದನ್ನು ಹಾಸ್ಯದ ಸಾಲಿನಿಂದ ತೆಗೆದು ವಿಜ್ಞಾನದ ಮೇಜಿನ ಮೇಲಿಡಿ, ವರ್ಷಕ್ಕೊಮ್ಮೆಯಾದರೂ ಮಕ್ಕಳನ್ನು ಬೆಟ್ಟಕ್ಕೆ ಕರೆದೊಯ್ಯಿರಿ. ಊರಿನಲ್ಲಿ ಅಜ್ಜ ಅಜ್ಜಿ ಇರುವವರು ಅವರಿಗೆ ಗೊತ್ತಿರುವ ಹತ್ತು ಗಿಡಗಳ ಹೆಸರು ಕೇಳಿ ನನಗೆ ಬರೆದು ಕಳುಹಿಸಿ. ಇಂಗ್ಲೆಂಡಿನ ಮಿತ್ರರು ಬೇಸಿಗೆಯ ರಜೆಗೆ ಬರುವುದಾಗಿ ತಿಳಿಸಿದ್ದಾರೆ. ಅಷ್ಟರೊಳಗೆ ಪಟ್ಟಿ ಸಿದ್ಧವಾದರೆ, ಮಂಡಿನೋವು ಅವಕಾಶ ಕೊಟ್ಟಷ್ಟು ದೂರ ನಾನೂ ನಿಮ್ಮೊಡನೆ ದುರ್ಗ ಹತ್ತುತ್ತೇನೆ.