ಅಪ್ಪಂದಿರ ದಿನ ಯಾರ ಹಬ್ಬ?

ಜೂನ್ ತಿಂಗಳ ಮೂರನೆಯ ಭಾನುವಾರ ಬಂತೆಂದರೆ ನಮ್ಮ ದೊಡ್ಡ ಪತ್ರಿಕೆಗಳಿಗೆ ಇದ್ದಕ್ಕಿದ್ದಂತೆ ಅಪ್ಪನ ಮೇಲೆ ಭಕ್ತಿ ಉಕ್ಕಿ ಬರುತ್ತದೆ. ಮಗುವನ್ನು ಹೆಗಲಿಗೇರಿಸಿಕೊಂಡು ನಗುವ ಅಪ್ಪನ ಚಿತ್ರ. ಆತನ ಮೈಮೇಲೆ ಇಸ್ತ್ರಿ ಮುರಿಯದ ಅಂಗಿ, ಕೈಯಲ್ಲಿ ಹೊಳೆಯುವ ಗಡಿಯಾರ. ಕೆಳಗೆ ನೋಡಿದರೆ ಅಂಗಿಯ ಅಂಗಡಿ, ಗಡಿಯಾರದ ಅಂಗಡಿ, ವಿಮಾ ಕಂಪನಿ!

ಈ ದಿನದ ಹುಟ್ಟಿನ ಬಗ್ಗೆ ನಮಗೆ ತಕರಾರಿಲ್ಲ. ಅಮೆರಿಕದ ಸ್ಪೋಕೇನ್ ಪಟ್ಟಣದ ಸೊನೋರಾ ಡಾಡ್ ಎಂಬಾಕೆ, ತಾಯಿ ತೀರಿಕೊಂಡ ಮೇಲೆ ತನ್ನನ್ನೂ ತಮ್ಮಂದಿರನ್ನೂ ಸಾಕಿದ ತಂದೆಯ ಗೌರವಾರ್ಥ 1910ರಲ್ಲಿ ಇದನ್ನು ಆಚರಿಸಲು ಕಾರಣಳಾದಳು. ಮಕ್ಕಳಿಗೆ ಉಣಿಸಿ ಮಲಗಿಸಿದ ಅಪ್ಪ ಆತ. ಆದರೆ 1930ರ ದಶಕದಲ್ಲಿ ಗಂಡಸರ ಉಡುಪಿನ ವ್ಯಾಪಾರಿಗಳು ಅದನ್ನು ಕೈಗೆತ್ತಿಕೊಂಡರು. 1972ರಲ್ಲಿ ಅಧ್ಯಕ್ಷ ನಿಕ್ಸನ್ ಶಾಸನದ ಮುದ್ರೆ ಒತ್ತಿದ. ಸಾಕಿದ ಅಪ್ಪ ಹಿಂದೆ ಸರಿದ, ಸಾಮಾನಿನ ಅಪ್ಪ ಮುಂದೆ ಬಂದ.

ನಮ್ಮ ಸಿನಿಮಾದವರೂ ಕಡಿಮೆಯಿಲ್ಲ. ಪಂತುಲು ಅವರ 1958ರ 'ಸ್ಕೂಲ್ ಮಾಸ್ಟರ್' ನೋಡಿ, ಮಾಸ್ತರಿಕೆಯಲ್ಲಿದ್ದ ನಾವೂ ಕಣ್ಣೊರೆಸಿಕೊಂಡಿದ್ದೇವೆ. ಆದರೂ ಕೇಳುತ್ತೇವೆ: ಮಕ್ಕಳಿಗಾಗಿ ದುಡಿದು ಸವೆದ ಅಪ್ಪನಿಗೆ ಅಳುವ ತೆರೆಯ ಮೇಲೆ, ಮಗುವಿಗೆ ಗಂಜಿ ಕುಡಿಸುವ ಅಪ್ಪ ಎಷ್ಟು ಸಲ ಕಾಣಿಸಿಕೊಂಡಿದ್ದಾನೆ?

ಮಾಸ್ತರಿಕೆಯ ದಿನಗಳಲ್ಲಿ ನಾವು ಮಾಡಿದ ಒಂದು ತಪ್ಪನ್ನು ಹೇಳಲೇಬೇಕು. ಹೆಂಗಸೊಬ್ಬಳು ಮಗನನ್ನು ಒಂದನೇ ಇಯತ್ತೆಗೆ ಸೇರಿಸಲು ಬಂದಳು. ಗಂಡ ಬೆಂಗಳೂರಿಗೆ ಗಾರೆ ಕೆಲಸಕ್ಕೆ ಹೋಗಿದ್ದ. ಅರ್ಜಿಯಲ್ಲಿ ತಂದೆಯ ಸಹಿ ಬೇಕೆಂದಿತ್ತು. "ಯಜಮಾನರನ್ನು ಕರಕೊಂಡು ಬಾಮ್ಮ" ಎಂದೆವು. "ಅವರು ಬಂದು ಹೋದರೆ ಮೂರು ದಿನದ ಕೂಲಿ ಹೋಗ್ತದೆ ಮೇಷ್ಟ್ರೇ. ಹೆತ್ತವಳು ನಾನೇ ನಿಂತಿದ್ದೀನಲ್ಲ" ಎಂದಳು. ಕಳಿಸಿಬಿಟ್ಟೆವು.

ಹಿಂದೂ ಅಪ್ರಾಪ್ತವಯಸ್ಕರ ಪಾಲಕತ್ವದ 1956ರ ಕಾನೂನು "ತಂದೆ, ಆತನ ನಂತರ ತಾಯಿ" ಎನ್ನುತ್ತದೆ. ಗೀತಾ ಹರಿಹರನ್ ಅವರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 1999ರಲ್ಲೇ, 'ನಂತರ' ಎಂದರೆ ತಂದೆ ಸತ್ತ ಮೇಲೆ ಎಂದಷ್ಟೇ ಅಲ್ಲ, ಆತ ಹೊಣೆ ಹೊರಲಾಗದೆ ಇರುವಾಗಲೂ ತಾಯಿ ಪಾಲಕಿಯೇ ಎಂದು ಹೇಳಿತ್ತು. ನಮಗೆ ಗೊತ್ತಿರಲಿಲ್ಲ; ಗೊತ್ತಿರಬೇಕಾಗಿತ್ತು. ಹೊಣೆ ಹೊತ್ತ ತಾಯಿಯನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಲೆಕ್ಕಕ್ಕೆ ತೆಗೆದುಕೊಂಡ ತಂದೆಗೋ ಬಂದು ನಿಲ್ಲುವ ಶಕ್ತಿಯಿರಲಿಲ್ಲ. ಆತ ಬಂದದ್ದು ಗೌರಿ ಹಬ್ಬಕ್ಕೆ. ಸಹಿ ಹಾಕಿ ಅದೇ ರಾತ್ರಿಯ ಬಸ್ಸಿಗೆ ಹೊರಟುಹೋದ. ಹುಡುಗನಿಗೆ ಅಷ್ಟರಲ್ಲಿ ಮೂರು ತಿಂಗಳ ಪಾಠ ತಪ್ಪಿತ್ತು.

ಈತ ಕೆಟ್ಟ ಅಪ್ಪನೇ? ಕೂಲಿ ಬಿಟ್ಟರೆ ಒಲೆ ಹತ್ತುವುದಿಲ್ಲವೆಂಬುದನ್ನು ಯಾರು ತಾನೇ ಅಲ್ಲಗಳೆಯಬಲ್ಲರು? ಕೇಂದ್ರ ಸರ್ಕಾರದ ಗಂಡು ನೌಕರನಿಗೆ ಹೆಂಡತಿ ಹೆತ್ತಾಗ 15 ದಿನಗಳ ಸಂಬಳದ ರಜೆಯುಂಟು. ಸಂತೋಷ. 2017ರಲ್ಲಿ ತಾಯಂದಿರ ರಜೆಯನ್ನು ಮೊದಲೆರಡು ಮಕ್ಕಳಿಗೆ 26 ವಾರಕ್ಕೆ ಏರಿಸಿದಾಗ ಖಾಸಗಿ ಕಾರ್ಖಾನೆಯ ಅಪ್ಪನಿಗೆ ಒಂದು ದಿನವನ್ನೂ ಬರೆಯಲಿಲ್ಲ. 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಬರೆಯಲಿಲ್ಲ. ಗಾರೆಯವನ ಮಾತಂತೂ ದೂರವೇ ಉಳಿಯಿತು. ಮಗು ಸಾಕುವುದು ಹೆಂಗಸಿನ ಕೆಲಸವೆಂದು ಕಾನೂನೇ ಸಾರಿದ ಮೇಲೆ, ಮಗು ಹೆತ್ತಾಳೆಂಬ ಭಯಕ್ಕೆ ಹೆಂಗಸಿಗೆ ಕೆಲಸ ಕೊಡದ ಧಣಿಗೆ ಇನ್ನೇನು ನೆಪ ಬೇಕು?

ಆ 15 ದಿನ ಎಲ್ಲ ದುಡಿಯುವ ಅಪ್ಪಂದಿರಿಗೂ ಸಿಗಲಿ. ಕಟ್ಟಡಗಳ ಮೇಲೆ ಸೆಸ್ ವಸೂಲು ಮಾಡಿ ಕಾರ್ಮಿಕರ ಕಲ್ಯಾಣ ಮಂಡಳಿ ನಡೆಸುತ್ತಾರಲ್ಲ, ಗಾರೆಯವನ ಆ ದಿನಗಳ ಕೂಲಿಯನ್ನು ಅದರಿಂದ ಕೊಡಲಿ. ಶಾಲೆಯ ಅರ್ಜಿಯಲ್ಲಿ ತಾಯಿಯ ಸಹಿಯೊಂದೇ ಸಾಕಾಗಲಿ. ಇನ್ನು ಪತ್ರಿಕೆಯ ಧಣಿಗಳಿಗೆ ಒಂದು ಮಾತು: ಬರುವ ಜೂನ್‌ನಲ್ಲಿ ಅಪ್ಪನ ಚಿತ್ರ ಹಾಕುವ ಮೊದಲು, ನಿಮ್ಮದೇ ಅಚ್ಚುಮನೆಯ ಕೆಲಸಗಾರನಿಗೆ ಮಗು ಹುಟ್ಟಿದರೆ ಎಷ್ಟು ದಿನದ ಸಂಬಳದ ರಜೆ ಕೊಡುತ್ತೀರೆಂದು ಮುಖಪುಟದಲ್ಲಿ ಅಚ್ಚುಹಾಕಿ.